ಎಣ್ಣೆ ಬೆರೆಸದ ಪೆಟ್ರೋಲು

ಮೊನ್ನೆ ಉಪ್ಪಿನಂಗಡಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎದುರಿನ ಅಂಗಡಿಯ ಮುಂದೆ ಒಬ್ಬರು ಹಳೆಯ ಸ್ಕೂಟರನ್ನು ಒಂದು ಬದಿಗೆ ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ, ಕಿಕ್ ಹೊಡೆದು ಸ್ಟಾರ್ಟ್ ಮಾಡಿದರು. ಹಿಂದಿನಿಂದ ದಪ್ಪ ಹೊಗೆ ಎದ್ದಿತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ಮೂಗಿಗೆ ಶಾಲು ಹಿಡಿದರು. ನಾನು ಹಿಡಿಯಲಿಲ್ಲ. ಪೆಟ್ರೋಲಿನ ಜೊತೆಯಲ್ಲಿ ಟೂ-ಟಿ ಎಣ್ಣೆ ಸುಡುವ ವಾಸನೆ ಅದು. ಈಗ ರಸ್ತೆಯಲ್ಲಿ ಅಪರೂಪ.

ವಾಸನೆ ಸುಳ್ಳು ಹೇಳುವುದಿಲ್ಲ, ಅದು ಮನುಷ್ಯನನ್ನು ನೇರವಾಗಿ ಹಳೆಯ ದಿನಕ್ಕೆ ಕರೆದೊಯ್ಯುತ್ತದೆ ಎಂದು ಬರೆಯುವವರಿದ್ದಾರೆ. ನನಗೆ ಆ ನಂಬಿಕೆ ಇಲ್ಲ. ಆ ವಾಸನೆ ನನ್ನನ್ನು ಒಂದು ಮಳೆಗಾಲಕ್ಕೆ ಕರೆದೊಯ್ಯುವುದು ನಿಜ. ಆದರೆ ಆ ಮಳೆಗಾಲದಲ್ಲಿ ನಾನು ಮಾಡಿದೆ ಎಂದು ನನಗೆ ಅತ್ಯಂತ ಸ್ಪಷ್ಟವಾಗಿ ನೆನಪಿರುವ ಕೆಲಸವನ್ನು ನಾನು ಮಾಡಿಯೇ ಇರಲಿಲ್ಲ. ಉಳಿದದ್ದೆಲ್ಲ ಅಲ್ಲಲ್ಲಿ ಮಾಸಿದೆ. ಅದೊಂದು ಮಾತ್ರ ಮಾಸಿಲ್ಲ.

ಪೆರಾಬೆಯಿಂದ ಒಳಗೆ ತಿರುಗುವ ಒಂದು ಮಣ್ಣಿನ ರಸ್ತೆಯಲ್ಲಿ ನಮ್ಮ ಮನೆ. ಎರಡೂ ಬದಿ ರಬ್ಬರ್. ಮಳೆ ಹಿಡಿದ ಮೇಲೆ ರಸ್ತೆಯ ಅಂಚಿನ ಹುಲ್ಲು ಸೊಂಟದವರೆಗೆ ಏಳುತ್ತದೆ, ಶಾಲೆಗೆ ಹೋಗುವ ಮಕ್ಕಳು ಹಾವಿಗೆ ಹೆದರಿ ನಡುರಸ್ತೆಯಲ್ಲೇ ನಡೆಯುತ್ತಾರೆ, ಜೀಪು ಬಂದರೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಅದಕ್ಕೆಂದು ನಮ್ಮ ರಸ್ತೆಯ ಮನೆಗಳೆಲ್ಲ ಸೇರಿ ಒಂದು ಹುಲ್ಲಿನ ಮಿಷಿನ್ ತೆಗೆದುಕೊಂಡಿದ್ದೆವು. ಹೆಗಲಿಗೆ ಬೆಲ್ಟು ಹಾಕಿಕೊಂಡು, ಉದ್ದದ ಕೋಲಿನ ತುದಿಯಲ್ಲಿ ತಿರುಗುವ ಅಲಗಿನಿಂದ ಹುಲ್ಲು ಹಾರಿಸುತ್ತ ಹೋಗುವಂಥದ್ದು. ಯಾವ ಮನೆಯವರಿಗೆ ಬೇಕೋ ಅವರು ಕೊಂಡುಹೋಗಬಹುದು. ಶರತ್ತು ಒಂದೇ, ಅದು ನಮ್ಮ ರಸ್ತೆ ದಾಟಿ ನೆಂಟರ ಮನೆಗೆಲ್ಲ ಹೋಗಬಾರದು. ಮಿಷಿನ್ ಇರುವುದು ನಮ್ಮ ಜಗಲಿಯಲ್ಲಿ.

ನಮ್ಮ ಜಗಲಿಯಲ್ಲಿ ಯಾಕೆಂದರೆ ಅದನ್ನು ನೋಡಿಕೊಳ್ಳುತ್ತಿದ್ದವಳು ನಾನು. ನನ್ನ ಕಸುಬು ಹೊಲಿಗೆ. ಹೊಲಿಗೆ ಮಿಷಿನ್ ಹಾಳಾದರೆ ಕಡಬ ಪೇಟೆಗೆ ಹೊತ್ತುಕೊಂಡು ಹೋಗಬೇಕಾಗುತ್ತದೆಂದು ಅದನ್ನು ನಾನೇ ಬಿಚ್ಚಲು ಕಲಿತೆ. ತನ್ನ ಮದುವೆಗೆ ಮೊದಲು, ಗಲ್ಫಿಗೆ ಹೋಗುವುದಕ್ಕೂ ಮೊದಲು, ಅಣ್ಣ ಅಪ್ಪನ ಸ್ಕೂಟರಿನ ಮುಂದೆ ನನ್ನನ್ನು ಕೂರಿಸಿ ಕಾರ್ಬರೇಟರ್ ಬಿಚ್ಚಿಸಿದ್ದ. "ಹೆದರ್ಬೇಡ. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಇಟ್ಟರೆ ಯಾವ ಇಂಜಿನೂ ಮೋಸ ಮಾಡುದಿಲ್ಲ" ಎಂದಿದ್ದ. ನಾನು ಅದಕ್ಕೆ ನನ್ನದೇ ಒಂದು ಪದ್ಧತಿ ಸೇರಿಸಿದೆ. ಬಟ್ಟೆ ಕತ್ತರಿಸಲು ಇಟ್ಟುಕೊಂಡ ದಪ್ಪ ಕಾಗದವನ್ನು ಹಾಸಿ, ಬಿಚ್ಚಿದ ಪ್ರತಿಯೊಂದು ತುಂಡಿನ ಸುತ್ತ ದರ್ಜಿಯ ಸುಣ್ಣದ ಬಿಲ್ಲೆಯಿಂದ ಗೆರೆ ಎಳೆಯುತ್ತಿದ್ದೆ. ಸ್ಕ್ರೂಗಳು ತೆಂಗಿನ ಗೆರಟೆಯಲ್ಲಿ. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರು ಇದನ್ನು ನೋಡಿ ನಕ್ಕರು. ಮರುವಾರ ಗಂಡಂದಿರು ತೋಟಕ್ಕೆ ಮದ್ದು ಬಿಡುವ ಸ್ಪ್ರೇಯರನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಹೀಗೆ ಒಂದೊಂದೇ. ಜೂನ್ ತಿಂಗಳಲ್ಲಿ ನನ್ನ ಜಗಲಿಯ ಒಂದು ಬದಿ ಹೊಲಿಯದ ಬ್ಲೌಸುಗಳು, ಇನ್ನೊಂದು ಬದಿ ಸ್ಟಾರ್ಟ್ ಆಗದ ಮಿಷಿನುಗಳು.

ಹುಲ್ಲಿನ ಮಿಷಿನಿನ ಇಂಜಿನಿಗೆ ಎಣ್ಣೆ ಹಾಕಲು ಬೇರೆ ಜಾಗವಿಲ್ಲ. ಪೆಟ್ರೋಲಿನಲ್ಲೇ ಟೂ-ಟಿ ಬೆರೆಸಿ ಹೊಯ್ಯಬೇಕು. ಬರೀ ಪೆಟ್ರೋಲು ಹಾಕಿದರೂ ಅದು ಸ್ಟಾರ್ಟ್ ಆಗುತ್ತದೆ, ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡುತ್ತದೆ. ಆಮೇಲೆ ಒಳಗಿನ ಪಿಸ್ಟನ್ ಒಣಗಿ, ಕಾದು, ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ಅಲ್ಲಿಗೆ ಇಂಜಿನ್ ಸತ್ತಂತೆ. ಆದ್ದರಿಂದ ನಾನು ಎಲ್ಲರಿಗೂ ಹೇಳಿದ್ದೆ, ಯಾರೂ ಏನೂ ಹೊಯ್ಯಬೇಡಿ, ಖಾಲಿಯಾದರೆ ಖಾಲಿಯೇ ತನ್ನಿ, ತುಂಬಿಸುವುದು ನನ್ನ ಕೆಲಸ.

ಇದು ನಮ್ಮ ಜನಕ್ಕೆ ಹೇಳಬಾರದ ಮಾತು. ಆಚೆ ಮನೆಯಿಂದ ಪಾಯಸ ಬಂದ ಪಾತ್ರೆಯನ್ನು ತೊಳೆದು ಹಾಗೆಯೇ ಕೊಡುವ ಕ್ರಮ ನಮ್ಮಲ್ಲಿಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಮಿಷಿನ್ ಬಂದ ಹೊಸತರಲ್ಲಿ ಜನ ಅದರ ಟಾಂಕಿಯನ್ನೂ ಪಾತ್ರೆಯಂತೆಯೇ ಕಂಡರು. ನಾನು ತಡೆದಾಗ ಮೊದಲು ಜಗಳಕ್ಕೆ ಬಂದವರು ಹಮೀದಾಕ. ಮಸ್ಕತ್ತಿನಲ್ಲಿ ಬಹಳ ವರ್ಷ ಅಂಗಡಿ ನಡೆಸಿ ಬಂದು, ಕಡಬದಲ್ಲಿ ಒಂದು ಸಣ್ಣ ಕಟ್ಟಡ ಕಟ್ಟಿಸಿ ಬಾಡಿಗೆಗೆ ಕೊಟ್ಟವರು. ನಮ್ಮ ರಸ್ತೆಯಲ್ಲಿ ಎಲ್ಲರೂ ಕೊನೆಗೆ ಕೇಳುವುದು ಅವರ ಮಾತನ್ನೇ.

"ಖಾಲಿ ತಂದು ಕೊಡುದಾ? ಎಂತ ಶೈಲಕ್ಕ, ನಾವು ಹಾಗಿನವರಾ?"

"ಖಾಲಿ ಕೊಟ್ಟರೆ ಮಿಷಿನ್ ಉಳಿತದೆ ಹಮೀದಾಕ. ತುಂಬಿಸಿ ಕೊಟ್ಟರೆ ನಿಮ್ಮ ಮರ್ಯಾದೆ ಮಾತ್ರ ಉಳಿಯುದು."

ಅವರು ಹೊಟ್ಟೆ ಹಿಡಿದು ನಕ್ಕರು. ಮರುದಿನ ಮಿಷಿನನ್ನು ಖಾಲಿ ತಂದಿಟ್ಟು, ಅದರ ಜೊತೆ ಬಾಳೆಲೆಯಲ್ಲಿ ಸುತ್ತಿದ ಅಕ್ಕಿರೊಟ್ಟಿ, ಅವರ ಮನೆಯ ಪತ್ತಿರ್, ಕೊಟ್ಟುಹೋದರು. ಆಮೇಲೆ ಅದೇ ರೂಢಿಯಾಯಿತು. ಟಾಂಕಿ ಖಾಲಿ, ಕೈಯಲ್ಲಿ ಹಲಸಿನ ಹಣ್ಣಿನ ಕಡಿಯೋ ಒಂದು ಗೊನೆ ಬಾಳೆಯೋ. ಬೆರೆಸಿದ ಪೆಟ್ರೋಲಿನ ಬಾಟ್ಲಿಯನ್ನು ನಾನು ಕಿಟಕಿಯ ಮೇಲಿನ ಹಲಗೆಯಲ್ಲಿ ಇಡುತ್ತಿದ್ದೆ. ಎಣ್ಣೆಯ ಬಣ್ಣದಿಂದ ಅದು ತೆಳು ನೀಲಿಯಾಗಿ ಕಾಣುತ್ತಿತ್ತು. ಅದರ ಎಡಗಡೆಗೆ ಬರೀ ಪೆಟ್ರೋಲಿನ ಬಾಟ್ಲಿ, ಕಾರ್ಬರೇಟರ್ ತೊಳೆಯಲಿಕ್ಕೆ.

ಅಣ್ಣ ಶಾರ್ಜಾದ ಗ್ಯಾರೇಜು ಬಿಟ್ಟು ಬಂದದ್ದು ಆ ವರ್ಷದ ಬೇಸಿಗೆಯಲ್ಲಿ. ಊರವರಿಗೆ ಗಣೇಶ, ನನಗೆ ಬರೀ ಅಣ್ಣ. ನಮ್ಮ ಅಂಗಳದ ಆಚೆ ಬದಿಗೆ ಮೊದಲೇ ಕಟ್ಟಿಸಿದ್ದ ಮನೆಯಲ್ಲಿ ಅವನೂ ಅತ್ತಿಗೆಯೂ ಉಳಿದರು. ಬಂದ ಕೆಲವೇ ದಿನಗಳಲ್ಲಿ ಸುಬ್ರಹ್ಮಣ್ಯದ ಕಡೆಯಿಂದ ಒಂದು ಹಳೆಯ ಡೀಸೆಲ್ ಜೀಪನ್ನು ಲಾರಿಯ ಹಿಂದೆ ಕಟ್ಟಿಸಿಕೊಂಡು ಬಂದ. ನೆಲದ ತಗಡಿನಲ್ಲಿ ಕಾಲು ಹೋಗುವಷ್ಟು ತೂತು, ಬ್ರೇಕ್ ಇಲ್ಲ, ಮೇಲ್ಹೊದಿಕೆ ಇಲ್ಲ.

"ಇದು ಓಡ್ತದಾ?" ಎಂದು ಕೇಳಿದೆ.

"ಓಡಿಸುದು. ನೀನು ಉಂಟಲ್ಲ."

ಆ ಎರಡು ಮಾತು ನನಗೆ ಎಷ್ಟು ಸಂತೋಷ ಕೊಟ್ಟಿದ್ದವು ಎಂಬುದನ್ನು ಬರೆಯಲು ಈಗ ಕೈ ಹಿಂಜರಿಯುತ್ತದೆ. ಆಮೇಲೆ ಆದದ್ದು ಗೊತ್ತಿರುವುದರಿಂದ ಆ ಸಂತೋಷವನ್ನು ಕಡಿಮೆ ಮಾಡಿ ಬರೆಯಬೇಕೆನಿಸುತ್ತದೆ. ಹಾಗೆ ಮಾಡುವುದಿಲ್ಲ. ಆ ಮೇ ತಿಂಗಳು ನನ್ನ ಬದುಕಿನ ಒಳ್ಳೆಯ ತಿಂಗಳು. ಅಣ್ಣ ಜೀಪಿನ ಅಡಿಯಲ್ಲಿ ಮಲಗಿ ಕೈ ಚಾಚುತ್ತಿದ್ದ, ನಾನು ಕೇಳದೆಯೇ ಸರಿಯಾದ ಸ್ಪ್ಯಾನರ್ ಇಡುತ್ತಿದ್ದೆ. ಬ್ರೇಕಿನ ಹಳೆಯ ಶೂ ತೆಗೆದು, ತುಕ್ಕನ್ನು ಮರಳುಕಾಗದದಲ್ಲಿ ಉಜ್ಜಿ, ಹೊಸ ಲೈನಿಂಗು ಕೂರಿಸಿದೆವು. ತಗಡಿನ ತೂತಿಗೆ ತೇಪೆ ಹಾಕಿಸಿದೆವು. ಮೇಲ್ಹೊದಿಕೆಯ ದಪ್ಪ ಕ್ಯಾನ್ವಾಸನ್ನು ನಾನು ನನ್ನ ಮಿಷಿನಿನಲ್ಲೇ ಹೊಲಿದೆ. ಮುರಿದ ಸೂಜಿಗಳನ್ನು ಅಣ್ಣ ಎತ್ತಿ ಎತ್ತಿ ಡಬ್ಬಿಗೆ ಹಾಕುತ್ತ, "ಬ್ಲೌಸಿನ ಲೆಕ್ಕದಲ್ಲಿ ಜೀಪು ಹೊಲಿತಾಳೆ ನನ್ನ ತಂಗಿ" ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಕೂಗಿ ಹೇಳುತ್ತಿದ್ದ.

ಅಂಗಡಿಯ ಮಾತು ಬಂದದ್ದು ಆಗಲೇ. ಕಡಬದಲ್ಲಿ ಹಮೀದಾಕನ ಕಟ್ಟಡದ ಕೆಳಗಿನ ಕೋಣೆ ಖಾಲಿ ಇತ್ತು. ಕಡಬದ ಸುತ್ತ ಎಷ್ಟೊಂದು ಹುಲ್ಲಿನ ಮಿಷಿನು, ಸ್ಪ್ರೇಯರು, ಹಳೇ ಜೀಪು. ಎಲ್ಲದಕ್ಕೂ ಪುತ್ತೂರಿಗೆ ಓಡುವುದೇಕೆ?

"ದೊಡ್ಡದು ನನಗೆ, ಸಣ್ಣ ಇಂಜಿನ್ ಎಲ್ಲ ನಿನಗೆ. ಬೋರ್ಡಿನಲ್ಲಿ ಇಬ್ಬರ ಹೆಸರೂ ಹಾಕುವ," ಎಂದ ಅಣ್ಣ.

"ಹೆಂಗಸಿನ ಹೆಸರು ನೋಡಿ ಯಾರು ಬರ್ತಾರೆ?"

"ಈಗ ನಿನ್ನ ಜಗಲಿಗೆ ಬರುವವರು ಯಾರನ್ನು ನೋಡಿ ಬರುದು? ನಿನ್ನ ಕೈ ನೋಡಿ ಅಲ್ವಾ?"

ಹಮೀದಾಕ ಒಪ್ಪಿದರು. ಮಳೆ ಚೂರು ಬಿಡುವು ಕೊಟ್ಟಾಗ ಕೀ ಕೊಡುತ್ತೇನೆ ಎಂದರು. ನಾನು ಬೆಳೆದದ್ದು ಜಗಲಿಯಲ್ಲಿ. ಜಗಲಿ ಅಂದರೆ ಮನೆ ಕೆಲಸದ ನಡುವೆ, ಒಲೆ ಮೇಲೆ ಅನ್ನ ಇಟ್ಟು, ಯಾರೋ ಕರೆದರೆ ಎದ್ದು ಹೋಗುವ ಜಾಗ. ಬಾಗಿಲಿರುವ, ಬೀಗವಿರುವ, ನಾನು ಬೆಳಿಗ್ಗೆ ಹೋಗಿ ತೆಗೆಯುವ ಒಂದು ಕೋಣೆ. ಅದರಲ್ಲಿ ನನ್ನ ಮೇಜು ಎಲ್ಲಿರಬೇಕೆಂದು ಕೂಡ ನಾನು ಆಗಲೇ ತೀರ್ಮಾನಿಸಿದ್ದೆ.

ಮಳೆ ಬಂತು. ಎಲ್ಲ ಕಡೆ ಹೇಳುವ ಹಾಗೆ ಧೋ ಎಂದು ಬಂತೋ, ನಿಧಾನವಾಗಿ ಬಂತೋ, ನೆನಪಿಲ್ಲ. ಆ ವರ್ಷ ಉಪ್ಪಿನಂಗಡಿಯಲ್ಲಿ ಹೊಳೆ ದೇವಸ್ಥಾನದ ಮೆಟ್ಟಿಲು ಹತ್ತಿತು ಎಂದು ಅತ್ತಿಗೆ ಹೇಳುತ್ತಾರೆ, ಅದು ಮರುವರ್ಷ ಎಂದು ನನಗೆ ಅನಿಸುತ್ತದೆ. ಅದು ಇರಲಿ. ಜುಲೈಯಲ್ಲಿ ಒಂದೆರಡು ದಿನ ಬಿಸಿಲು ಬಂತು ಎಂಬುದು ಮಾತ್ರ ಖಂಡಿತ, ಯಾಕೆಂದರೆ ಆ ಬಿಸಿಲಿನಲ್ಲೇ ನಾನು ಜೀಪಿನ ಸೀಟಿಗೆ ರೆಕ್ಸಿನ್ ತರಲು ಪುತ್ತೂರಿಗೆ ಹೋದೆ. ಹೋಗುವ ಮೊದಲು ಹುಲ್ಲಿನ ಮಿಷಿನ್ ತುಂಬಿಸಿಟ್ಟಿದ್ದೆ. ಮರುದಿನ ಭಾನುವಾರ, ಎಲ್ಲರೂ ಸೇರಿ ರಸ್ತೆಯ ಹುಲ್ಲು ತೆಗೆಯುವುದೆಂದು ಆಗಿತ್ತು.

ಪುತ್ತೂರಿನಿಂದ ನಾನು ಬಂದಾಗ ಸಂಜೆ. ಮಿಷಿನ್ ತನ್ನ ಜಾಗದಲ್ಲಿತ್ತು. ಜೀಪೂ ಅದರ ಜಾಗದಲ್ಲಿತ್ತು. ಗಾಲಿಗೆ ಕೆಂಪು ಕೆಸರು ಹಿಡಿದಿತ್ತು. "ಸಣ್ಣ ಟ್ರಯಲ್ ಹೋಗಿ ಬಂದೆ" ಎಂದ ಅಣ್ಣ. ಒಳ್ಳೇದಾಯ್ತು ಎಂದೆ. ನನ್ನನ್ನು ಬಿಟ್ಟು ಮೊದಲ ಓಟ ಹೋದನಲ್ಲ ಎಂದು ಸ್ವಲ್ಪ ಬೇಸರವಾಯಿತು, ಅದನ್ನು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಮಿಷಿನ್ ಹೆಗಲಿಗೆ ಹಾಕಿದವರು ಹಮೀದಾಕ. ಅವರಿಗೆ ಆ ಕೆಲಸ ಇಷ್ಟ. ಲುಂಗಿ ಎತ್ತಿ ಕಟ್ಟಿ, ಕಪ್ಪು ಕನ್ನಡಕ ಹಾಕಿ, ಸಿನೆಮಾದವರ ಹಾಗೆ ನಡೆಯುತ್ತಿದ್ದರು. ನಾವು ಹೆಂಗಸರು ಹಿಂದಿನಿಂದ ಹುಲ್ಲು ಬಾಚುತ್ತಿದ್ದೆವು. ನಮ್ಮ ರಸ್ತೆಯ ಸಣ್ಣ ಸೇತುವೆಯ ಹತ್ತಿರ ಮಿಷಿನಿನ ಸದ್ದು ಬದಲಾಯಿತು. ಸಣ್ಣಗಾಯಿತು, ಕಿರುಗುಟ್ಟಿತು, ನಿಂತಿತು. ಹಮೀದಾಕ ಸ್ಟಾರ್ಟಿನ ಹಗ್ಗ ಎಳೆದರು. ಹಗ್ಗ ಬರಲಿಲ್ಲ. ಇನ್ನೊಮ್ಮೆ ಎಳೆದರು. ಗೋಡೆಗೆ ಕಟ್ಟಿದ ಹಗ್ಗ ಎಳೆದ ಹಾಗೆ.

ಅಣ್ಣ ಓಡಿ ಬಂದ. ನಾನೂ ಹೋದೆ. ಅಣ್ಣ ಅಲ್ಲೇ ಸೇತುವೆಯ ಕಟ್ಟೆಯ ಮೇಲೆ ಕೂತು ಸೈಲೆನ್ಸರ್ ಬಿಚ್ಚಿ, ಮೊಬೈಲಿನ ಟಾರ್ಚು ಹಾಕಿ ಒಳಗೆ ನೋಡಿದ. ಪಿಸ್ಟನಿನ ಮೈಮೇಲೆ ಉದ್ದುದ್ದ ಗೀರು. ನನಗೂ ತೋರಿಸಿದ. ಆಮೇಲೆ ಟಾಂಕಿಯ ಮುಚ್ಚಳ ತೆಗೆದು ಸ್ವಲ್ಪ ಅಂಗೈಗೆ ಹೊಯ್ದುಕೊಂಡ. ಬೆರಳಲ್ಲಿ ಉಜ್ಜಿದ. ನೀಲಿ ಇರಲಿಲ್ಲ. ಜಿಡ್ಡಿರಲಿಲ್ಲ. ಬಿಸಿಲಿಗೆ ಅಂಗೈ ಕ್ಷಣದಲ್ಲಿ ಒಣಗಿತು.

"ಎಣ್ಣೆಯೇ ಇಲ್ಲ," ಎಂದ.

ಹಮೀದಾಕ ಕನ್ನಡಕ ತೆಗೆದು, "ತುಂಬಿಸುದು ಶೈಲಕ್ಕನೇ ಅಲ್ವಾ?" ಎಂದರು. ಆರೋಪದ ಧ್ವನಿ ಅಲ್ಲ ಅದು. ನಿಜವಾಗಿ ಆಶ್ಚರ್ಯ ಪಟ್ಟವರ ಧ್ವನಿ.

ಆಗ ಅಣ್ಣ ಮಾತಾಡಿದ. ಆ ಮಾತನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೆಂದರೆ, ಈಗ ಅದರ ಒಂದೊಂದು ಶಬ್ದವೂ ಸವೆದು ನುಣ್ಣಗಾಗಿದೆ. "ಅವಳಿಗೆ ಬೈಬೇಡಿ ಹಮೀದಾಕ. ಅಡಿಗೆ, ಹೊಲಿಗೆ, ಜೀಪಿನ ಕೆಲಸ, ಎಲ್ಲ ಒಟ್ಟಿಗೆ ಮಂಡೆಗೆ ಹಾಕಿಕೊಂಡ್ರೆ ಹೀಗೇ ಆಗುದು. ಎರಡು ಬಾಟ್ಲಿ ಹತ್ತಿರ ಹತ್ತಿರ ಇಡ್ತಾಳೆ. ಪಾಪ, ಪುತ್ತೂರಿನ ಬಸ್ಸಿನ ಗಡಿಬಿಡಿಯಲ್ಲಿ ಬದಲಾಗಿರ್ಬೇಕು."

ನನ್ನ ಹೆಗಲ ಮೇಲೆ ಕೈ ಇಟ್ಟ. "ಹೋಗ್ಲಿ ಬಿಡು. ಯಾರಿಗಾದ್ರೂ ಆಗ್ತದೆ."

ನಾನು ಏನು ಹೇಳಿದೆ? ನನ್ನ ಪರವಾಗಿ ಮಾತಾಡಿದನಲ್ಲ ಎಂದು ನನಗೆ ಕಣ್ಣು ತುಂಬಿ ಬಂದಿತ್ತು. ಇದು ನಿಜ. ಅವನ ಕೈ ನನ್ನ ಹೆಗಲ ಮೇಲಿದ್ದಾಗ ನಾನು ಅವನಿಗೆ ಋಣಿಯಾಗಿದ್ದೆ.

ಮನೆಗೆ ಬಂದು ಹಲಗೆಯ ಮೇಲಿನ ಬಾಟ್ಲಿಗಳನ್ನು ನೋಡಿದೆ. ಬರೀ ಪೆಟ್ರೋಲಿನ ಬಾಟ್ಲಿ ಅರ್ಧವಾಗಿತ್ತು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಬಿಡಿಭಾಗ ತೊಳೆಯಲು ಇಬ್ಬರೂ ಅದರಿಂದಲೇ ತೆಗೆಯುತ್ತಿದ್ದೆವು. ಆ ದಿನ ಬೆಳಿಗ್ಗೆ ಯಾವ ಬಾಟ್ಲಿಗೆ ಕೈ ಹಾಕಿದ್ದೆ? ನೀಲಿಯದ್ದಕ್ಕೆ. ನೀಲಿಯದ್ದಕ್ಕೇ ಇರಬೇಕು. ಇಲ್ಲ, ಬಸ್ಸು ತಪ್ಪುತ್ತದೆಂದು ಓಡುತ್ತಿದ್ದೆ, ಹೊರಗೆ ಇನ್ನೂ ಮೋಡ ಇತ್ತು, ಕತ್ತಲು ಕತ್ತಲು. ಹೀಗೆ ಯೋಚಿಸುತ್ತ ಕೂತಿರುವಾಗ ನನ್ನ ಕೈ ಎಡಗಡೆಯ ಬಾಟ್ಲಿಯನ್ನು ಎತ್ತುವುದು ಕಂಡಿತು. ಮುಚ್ಚಳ ತಿರುಗಿಸುವುದು ಕಂಡಿತು. ಮಸುಕಾಗಿ. ಮರುದಿನ ಇನ್ನೂ ಸ್ವಲ್ಪ ಸ್ಪಷ್ಟವಾಗಿ. ಒಂದು ವಾರ ಕಳೆಯುವಷ್ಟರಲ್ಲಿ ನಾನು ಬರೀ ಪೆಟ್ರೋಲು ಹೊಯ್ದದ್ದು ನನಗೆ ನೆನಪಾಗಿತ್ತು.

"ಗ್ರೂಪಿನಲ್ಲಿ ಒಂದು ವಾಯ್ಸ್ ಹಾಕಿಬಿಡು," ಎಂದ ಅಣ್ಣ. ನಮ್ಮ ರಸ್ತೆಯವರದ್ದು ಒಂದು ವಾಟ್ಸಾಪ್ ಗ್ರೂಪ್ ಉಂಟು. "ನೀನಾಗಿ ಹೇಳಿದ್ರೆ ವಿಷಯ ಅಲ್ಲಿಗೆ ಮುಗೀತದೆ. ಹಿಂದಿನಿಂದ ಮಾತಾಡುದು ನಿಲ್ತದೆ."

ಹಾಕಿದೆ. ನನ್ನಿಂದ ತಪ್ಪಾಯಿತು, ಬಾಟ್ಲಿ ಬದಲಾಯಿತು, ಎಲ್ಲರೂ ಕ್ಷಮಿಸಬೇಕು ಎಂದು. ಜನ ಒಳ್ಳೆಯವರು. ಕೈಮುಗಿದ ಚಿತ್ರಗಳು ಬಂದವು. ಆಚೆ ಮನೆಯ ಲೀಲಕ್ಕ, "ಮಂಡೆಬಿಸಿ ಮಾಡ್ಬೇಡ ಮಾರಾಯ್ತಿ" ಎಂದು ಉತ್ತರ ಹಾಕಿದರು. ಅದೇ ಲೀಲಕ್ಕ ನನ್ನ ಜಗಲಿಯಲ್ಲಿದ್ದ ಅವರ ಸ್ಪ್ರೇಯರನ್ನು ಎರಡು ದಿನದ ನಂತರ ಬಂದು ಕೊಂಡುಹೋದರು. ರಿಪೇರಿ ಆಗಿರಲಿಲ್ಲ. "ಪರವಾಗಿಲ್ಲ, ನಿನಗೆ ಪುರುಸೊತ್ತಿಲ್ಲ ಅಲ್ವಾ, ಗಣೇಶನತ್ರ ಕೊಡ್ತೇನೆ" ಎಂದರು. ಆಮೇಲೆ ಒಂದೊಂದೇ ಹೋದವು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಜಗಳವಾದರೂ ಮಾಡಬಹುದಿತ್ತು.

ಅಣ್ಣ ಹೊಸ ಪಿಸ್ಟನ್, ಸಿಲಿಂಡರ್ ತರಿಸಿ ಹುಲ್ಲಿನ ಮಿಷಿನ್ ಸರಿ ಮಾಡಿದ. ಎಲ್ಲರೂ ಅವನನ್ನು ಹೊಗಳಿದರು. ಮಿಷಿನ್ ಇನ್ನು ಅವನ ಮನೆಯಲ್ಲೇ ಇರಲಿ ಎಂದು ತೀರ್ಮಾನವಾಯಿತು. ಹಮೀದಾಕ ಕೋಣೆಯ ಕೀ ಕೊಡಲು ಬಂದಾಗ ನಾನು ಚಹಾ ತಂದಿಟ್ಟೆ. ಕೀ ಅಣ್ಣನ ಕೈಗೆ ಹೋಯಿತು. "ಸದ್ಯಕ್ಕೆ ಗಣೇಶ ಒಬ್ಬನೇ ಶುರು ಮಾಡ್ಲಿ," ಎಂದರು ಹಮೀದಾಕ ನನ್ನ ಮುಖ ನೋಡದೆ. "ಬರುವವರಿಗೆ ಒಂದು ಧೈರ್ಯ ಬೇಕಲ್ಲ ಶೈಲಕ್ಕ. ಮುಂದೆ ನೋಡುವ."

ಅಣ್ಣ ಏನಾದರೂ ಹೇಳುತ್ತಾನೆ ಎಂದು ಕಾದೆ. ಅವನು ಚಹಾ ಕುಡಿದ. ಆಗಲೂ ನನಗೆ ಸಂಶಯ ಬರಲಿಲ್ಲ. ತಪ್ಪು ನನ್ನದು, ಅವನೇನು ಮಾಡಿಯಾನು ಎಂದುಕೊಂಡೆ. ಬೋರ್ಡಿನಲ್ಲಿ ಅವನೊಬ್ಬನ ಹೆಸರು ಬಂತು. ಅಂಗಡಿ ಶುರುವಾದ ದಿನ ನಾನು ಹಣ್ಣು ಕೊಂಡುಹೋಗಿದ್ದೆ.

ನಿಜ ಗೊತ್ತಾದದ್ದು ಅತ್ತಿಗೆಯಿಂದ. ಮಳೆ ಮುಗಿಯುತ್ತ ಬಂದಿತ್ತು. ಅವರ ತಮ್ಮನ ಮದುವೆ ನಿಶ್ಚಯವಾಗಿ, ಬ್ಲೌಸ್ ಹೊಲಿಸಲು ಬಂದಿದ್ದರು. ಟ್ರಯಲ್ ಹಾಕಿಸಿ, ಬಾಯಿಯಲ್ಲಿ ಒಂದಿಷ್ಟು ಗುಂಡುಸೂಜಿ ಕಚ್ಚಿಕೊಂಡು, ತೋಳಿನ ಹತ್ತಿರ ಸರಿಪಡಿಸುತ್ತಿದ್ದೆ. ಅತ್ತಿಗೆ ಕನ್ನಡಿ ನೋಡುತ್ತ ಮಾತಾಡುತ್ತಿದ್ದರು. ಅವರ ತವರು ಸುಳ್ಯದ ಹತ್ತಿರ.

"ಮದುವೆಗೆ ಜನ ಬರುವಾಗ ನಮ್ಮಲ್ಲಿ ದಾರಿಯೆಲ್ಲ ಕಾಡು. ಮೊನ್ನೆ ಮಳೆಗಾಲದಲ್ಲಿ ಇವರು ಮಿಷಿನ್ ತಂದು ಚೆಂದ ಮಾಡಿ ಕೊಟ್ಟಿದ್ರು, ಈಗ ಪುನಃ ಬೆಳೆದುಂಟು."

ನಾನು "ಹ್ಞೂಂ" ಎಂದೆ. ಬಾಯಲ್ಲಿ ಸೂಜಿ ಇದ್ದರೆ ಅಷ್ಟೇ ಸಾಧ್ಯ.

"ನೀನು ಪುತ್ತೂರಿಗೆ ಹೋಗಿದ್ದೆಯಲ್ಲ, ಆ ದಿನ. ಹೊಸ ಜೀಪಿನಲ್ಲಿ ಹಾಕಿಕೊಂಡು ಬಂದದ್ದು. ಅಮ್ಮನಿಗೆ ಭಾರೀ ಖುಷಿ, ಅಳಿಯ ಜೀಪಿನಲ್ಲಿ ಬಂದು ಹುಲ್ಲು ತೆಗೀತಾನೆ ಅಂತ. ವಾಪಸ್ ಹೊರಡುವಾಗ ಟಾಂಕಿ ಖಾಲಿ. ಅಮ್ಮ ಬಿಡ್ಲೇ ಇಲ್ಲ. ಊರವರ ವಸ್ತು, ಖಾಲಿ ಕಳಿಸಿದ್ರೆ ನಮ್ಮ ಮರ್ಯಾದೆ ಎಂತ ಆಗ್ಬೇಕು ಅಂತ. ಮತ್ತೆ ತಮ್ಮನ ಬೈಕಿನಿಂದ ಪೈಪ್ ಹಾಕಿ ಪೆಟ್ರೋಲ್ ಎಳೆದು, ಇವರೇ ತುಂಬಿಸಿದ್ರು."

ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದರು, "ಎಂತ, ಬಿಗಿ ಆಯ್ತಾ?"

ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದೆ. ಎಣ್ಣೆ ಬೆರೆಸಬೇಕು ಎಂಬುದು ಅತ್ತಿಗೆಗೆ ಗೊತ್ತಿರಲಿಲ್ಲ. ಹೇಳಬಾರದ್ದನ್ನು ಹೇಳಿದೆನೆಂಬ ಸುಳಿವೂ ಅವರಿಗೆ ಇರಲಿಲ್ಲ. ಇಲ್ಲ ಅತ್ತಿಗೆ, ಸರಿ ಉಂಟು ಎಂದೆ.

ಮರುದಿನ ಕಡಬಕ್ಕೆ ಹೋದೆ. ಅಂಗಡಿಯಲ್ಲಿ ಅಣ್ಣ ಒಬ್ಬನೇ ಇದ್ದ, ಯಾರದೋ ಜೀಪಿನ ಚಕ್ರ ಬಿಚ್ಚಿ ಮುಂದಿಟ್ಟುಕೊಂಡು. ನನ್ನನ್ನು ಕಂಡು ಸ್ಟೂಲು ಸರಿಸಿದ. ನಾನು ಕೂರಲಿಲ್ಲ.

"ಆ ದಿನ ಪೆಟ್ರೋಲ್ ಹಾಕಿದ್ದು ನೀನು," ಎಂದೆ.

ಅವನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿದ. "ಯಾರು ಹೇಳಿದ್ದು?"

"ಅತ್ತಿಗೆ. ಅವರಿಗೆ ಗೊತ್ತಿಲ್ಲ ಎಂತ ಹೇಳಿದ್ರು ಅಂತ."

ಒರೆಸಿದ ಕೈಯನ್ನೇ ಮತ್ತೆ ಒರೆಸಿದ. "ಅತ್ತೆಯ ಎದುರು ಬೇಡ ಅನ್ಲಿಕ್ಕೆ ಆಗ್ಲಿಲ್ಲ. ಮನೆಗೆ ಬಂದು ಖಾಲಿ ಮಾಡಿ ಸರಿಯಾದ್ದು ತುಂಬಿಸುವ ಅಂತಲೇ ಇದ್ದದ್ದು. ಬಂದವನಿಗೆ ಮರೆತುಹೋಯ್ತು. ದೇವರಾಣೆ, ಬೇಕು ಅಂತ ಮಾಡಿದ್ದಲ್ಲ."

"ಮರೆತದ್ದು ಸರಿ. ಸೇತುವೆ ಹತ್ರ ಕೈಗೆ ಹೊಯ್ದು ನೋಡುವಾಗ ನೆನಪಾಯ್ತಲ್ಲ?"

ಅವನು ಬಟ್ಟೆಯನ್ನು ಮಡಚಿ ಚಕ್ರದ ಮೇಲಿಟ್ಟ.

"ನೆನಪಾದ ಮೇಲೆ ಅಲ್ವಾ ನೀನು ನನ್ನ ಹೆಗಲಿಗೆ ಕೈ ಇಟ್ಟದ್ದು?"

"ಶೈಲಾ, ನೋಡು." ಅವನ ಧ್ವನಿಯಲ್ಲಿ ಕೋಪ ಇರಲಿಲ್ಲ, ಅದೇ ಕಷ್ಟ. ಚಿಕ್ಕವಳಿಗೆ ಕಾರ್ಬರೇಟರ್ ವಿವರಿಸುವ ಅದೇ ಧ್ವನಿ. "ಹಮೀದಾಕ ಕೀ ಕೊಡುವ ವಾರ ಅದು. ರಸ್ತೆ ದಾಟಿ ಹೆಂಡತಿ ಮನೆಗೆ ಮಿಷಿನ್ ಕೊಂಡೋದೆ, ಗಲ್ಫಿನಲ್ಲಿ ಇಷ್ಟು ವರ್ಷ ಗ್ಯಾರೇಜಿನಲ್ಲಿದ್ದವ ಎಣ್ಣೆ ಹಾಕದೆ ಇಂಜಿನ್ ಸುಟ್ಟೆ ಅಂದ್ರೆ, ಯಾರು ನನ್ನ ಹತ್ರ ಒಂದು ಸೈಕಲ್ಲಾದ್ರೂ ತರ್ತಿದ್ರು? ನಿನಗಾದ್ರೆ ಹೊಲಿಗೆ ಉಂಟು. ನಿನಗೆ ಎಂತ ನಷ್ಟ?"

ನಾನು ಆ ಕೋಣೆಯನ್ನು ಒಮ್ಮೆ ನೋಡಿದೆ. ಕಿಟಕಿಯ ಹತ್ತಿರ ನನ್ನ ಮೇಜಿಗೆಂದು ನಾನು ಮನಸ್ಸಿನಲ್ಲಿ ಇಟ್ಟುಕೊಂಡ ಜಾಗದಲ್ಲಿ ಹಳೆಯ ಟಯರುಗಳಿದ್ದವು.

"ಊರಿಗೆ ನೀನು ಎಂತ ಬೇಕಾದ್ರೂ ಹೇಳ್ಬಹುದಿತ್ತು," ಎಂದೆ. "ನನ್ನತ್ರ ಒಬ್ಬಳತ್ರ ನಿಜ ಹೇಳಿ, ಈ ತಪ್ಪು ನೀನು ಹೊತ್ತುಕೋ ಅಂತ ಕೇಳ್ಬಹುದಿತ್ತು. ಕೇಳಿದ್ರೆ ಹೊರ್ತಿದ್ದೆ. ನನಗೇ ನಂಬಿಸಿದೆಯಲ್ಲ ಅಣ್ಣ."

"ನಾನು ನಂಬಿಸಿದ್ದಾ? ಆಗಿರ್ಬೇಕು ಅಂತ ಹೇಳಿದ್ದು ನಾನು. ಆಯ್ತು ಅಂತ ಹೇಳಿದ್ದು ನೀನು."

ಆ ಹೊತ್ತಿಗೆ ಹೊರಗೆ ಕಾರು ನಿಂತು ಹಮೀದಾಕ ಒಳಗೆ ಬಂದರು. "ಓಹೋ, ಶೈಲಕ್ಕ! ಎಂತ, ಅಣ್ಣನ ಅಂಗಡಿಯಲ್ಲಿ ಇನ್ನೊಂದು ಇಂಜಿನ್ ಸುಡ್ಲಿಕ್ಕುಂಟಾ?" ಎಂದು ತಮ್ಮದೇ ಮಾತಿಗೆ ನಕ್ಕರು. ಅವರದು ಯಾವಾಗಲೂ ಹೀಗೆಯೇ. ಪ್ರೀತಿ ಇದ್ದವರನ್ನು ಮಾತ್ರ ಚುಚ್ಚುವುದು.

ಅಣ್ಣ ನನ್ನನ್ನು ನೋಡಿದ. ಬೇಡ ಎಂದು ಅವನ ಕಣ್ಣು ಹೇಳಿತೆಂದು ಬರೆದರೆ ಚೆನ್ನಾಗಿರುತ್ತದೆ. ಏನೂ ಹೇಳಲಿಲ್ಲ. ಅವನಿಗೆ ಭಯ ಇದ್ದಂತೆಯೇ ಕಾಣಲಿಲ್ಲ.

"ಹಮೀದಾಕ, ಅದು ನಾನಲ್ಲ. ಅಣ್ಣ ಮಿಷಿನನ್ನು ಅತ್ತಿಗೆಯ ಮನೆಗೆ ಕೊಂಡೋಗಿ, ಅಲ್ಲಿ ಬರೀ ಪೆಟ್ರೋಲ್ ತುಂಬಿಸಿ ತಂದದ್ದು."

ಹಮೀದಾಕನ ನಗು ನಿಧಾನವಾಗಿ ಇಳಿಯಿತು. ಅಣ್ಣನ ಕಡೆ ನೋಡಿದರು. ಅಣ್ಣ ತಲೆ ತಗ್ಗಿಸಿ ಚಕ್ರದ ನಟ್ಟು ಹುಡುಕುತ್ತಿದ್ದ. ಹಮೀದಾಕ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಇದ್ದದ್ದು ಕನಿಕರ.

"ಬಿಡಿ ಶೈಲಕ್ಕ. ಅದು ಮುಗಿದ ಸಂಗತಿ. ಅಣ್ಣ-ತಂಗಿಯ ನಡುವೆ ಎಂತದೋ ಬಂದುಂಟು, ಅದಕ್ಕೆ ಹಳೇದನ್ನು ಎಳೀಬೇಡಿ." ಆಮೇಲೆ ಮೆಲ್ಲಗೆ ಹೇಳಿದರು, "ನಿಮ್ಮದೇ ವಾಯ್ಸ್ ಉಂಟಲ್ಲ ಗ್ರೂಪಿನಲ್ಲಿ. ನನ್ನ ಹೆಂಡತಿ ಅದನ್ನು ಕೇಳಿ ಕಣ್ಣೀರು ಹಾಕಿದ್ದಾಳೆ ಗೊತ್ತುಂಟಾ? ಅಷ್ಟು ಮನಸ್ಸಿನಿಂದ ಹೇಳಿದ್ದು ನೀವು."

ಹೌದು. ಮನಸ್ಸಿನಿಂದಲೇ ಹೇಳಿದ್ದೆ.

ಕಡಬದಿಂದ ಬಸ್ಸು ಹತ್ತಿ ಕಿಟಕಿಯ ಬದಿ ಕೂತೆ. ದಾರಿಯುದ್ದಕ್ಕೂ ಒಂದೇ ಪ್ರಯತ್ನ ಮಾಡಿದೆ. ಅಣ್ಣ ಅತ್ತಿಗೆಯ ಮನೆಯ ಅಂಗಳದಲ್ಲಿ ನಿಂತಿದ್ದಾನೆ, ಬೈಕಿನ ಪೈಪಿಗೆ ಬಾಯಿ ಹಾಕಿ ಎಳೆಯುತ್ತಾನೆ, ಉಗುಳುತ್ತಾನೆ, ಟಾಂಕಿಗೆ ಹಿಡಿಯುತ್ತಾನೆ. ಅದನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದೆ. ಶಬ್ದಗಳು ಬಂದವು, ಚಿತ್ರ ಬರಲಿಲ್ಲ. ನಡೆದದ್ದನ್ನು ನಾನು ನೋಡಿಲ್ಲ. ನನ್ನ ಬಳಿ ಇರುವುದು ನಡೆಯದ್ದು. ನನ್ನ ಜಗಲಿ, ಮೋಡ ಕವಿದ ಬೆಳಗು, ಎಡಗಡೆಯ ಬಾಟ್ಲಿ, ಅದನ್ನು ಎತ್ತುವ ನನ್ನ ಕೈ. ಆ ಕೈಯಲ್ಲಿ ಹಸಿರು ಬಳೆಗಳಿವೆ. ಇಂಜಿನ್ ಮುಟ್ಟುವ ಮೊದಲು ನಾನು ಬಳೆ ಕಳಚಿಡುತ್ತೇನೆ, ಒಂದು ದಿನವೂ ತಪ್ಪಿದ್ದಿಲ್ಲ. ಹಾಗಾಗಿ ಆ ಕೈ ನನ್ನದಾಗಿರಲು ಸಾಧ್ಯವಿಲ್ಲ. ಅದು ನನಗೆ ಗೊತ್ತು. ಆದರೂ ಈ ಹೊತ್ತಿಗೂ ಕಣ್ಣು ಮುಚ್ಚಿದರೆ ಬಳೆಗಳು ಸಣ್ಣಗೆ ಸದ್ದು ಮಾಡುತ್ತವೆ, ಪೆಟ್ರೋಲು ಟಾಂಕಿಗೆ ಇಳಿಯುತ್ತದೆ.